ಜ್ವಾಲೆಯಿಲ್ಲದ ಬೆಂಕಿಯ ಬಾಗಿಲಲ್ಲಿ ನಾಲ್ವರು

ಸಂಜೆ 4 ಗಂಟೆ 54 ನಿಮಿಷ. 2019ರ ಏಪ್ರಿಲ್ 19, ಶುಕ್ರವಾರ, ದವನದ ಹುಣ್ಣಿಮೆಯ ದಿನ. ಅಮೆರಿಕದ ಅರಿಜೋನಾ ರಾಜ್ಯದ ಸರ್‌ಪ್ರೈಸ್ ಎಂಬ ಊರಿನಲ್ಲಿ, ತಂತಿಬೇಲಿ ಹಾಕಿದ ಆವರಣದೊಳಗಿನ ದೊಡ್ಡ ಲೋಹದ ಕಂಟೇನರಿನಲ್ಲಿ, 15ನೇ ರ‍್ಯಾಕಿನ 2ನೇ ಮಾಡ್ಯೂಲಿನಲ್ಲಿ, ಒಂದು ಜೋಡಿ ಸೆಲ್‌ಗಳ ವೋಲ್ಟೇಜ್ ಸರ್ರನೆ ಇಳಿಯಿತು. 4 ವೋಲ್ಟಿನ ಮೇಲಿದ್ದದ್ದು 3.8ಕ್ಕೆ ಬಂತು. ಕಾಲು ವೋಲ್ಟಿನಷ್ಟೂ ಇಲ್ಲದ ಕುಸಿತ. ದೂರದ ಕಂಪ್ಯೂಟರಿನಲ್ಲಿ ಒಂದು ಗೆರೆ ಚೂರು ಬಾಗಿತು, ಅಷ್ಟೆ. ಅಲ್ಲಿಂದ ಮೂರು ಗಂಟೆ ಹತ್ತು ನಿಮಿಷದೊಳಗೆ ಆ ಕಂಟೇನರಿನ ಬಾಗಿಲ ಮುಂದೆ ನಿಂತಿದ್ದ ನಾಲ್ಕು ಜನ ಅಗ್ನಿಶಾಮಕರು ಗಾಳಿಯಲ್ಲಿ ಹಾರಿಹೋಗಲಿದ್ದರು.

ಕುಸಿತ ದಾಖಲಾದ ಕ್ಷಣ ಅಲ್ಲಿ ನರಪಿಳ್ಳೆ ಇರಲಿಲ್ಲ. ಇದ್ದದ್ದು 27 ರ‍್ಯಾಕ್‌ಗಳು. ಒಂದೊಂದು ರ‍್ಯಾಕಿನಲ್ಲಿ 14 ಮಾಡ್ಯೂಲ್, ಒಂದೊಂದು ಮಾಡ್ಯೂಲಿನಲ್ಲಿ 28 ಸೆಲ್. ಲೆಕ್ಕ ಹಾಕಿದರೆ 10,584 ಲಿಥಿಯಂ ಅಯಾನ್ ಸೆಲ್‌ಗಳು, ಹೆಚ್ಚುಕಡಿಮೆ ಪೂರ್ತಿ ಚಾರ್ಜ್ ಆಗಿ, ಸಂಜೆಯ ಬೇಡಿಕೆಗಾಗಿ ಕಾದು ಕೂತಿದ್ದವು. ಮೆಕ್‌ಮಿಕೆನ್ ಬ್ಯಾಟರಿ ಘಟಕ ಎಂದು ಅದರ ಹೆಸರು. ಅರಿಜೋನಾ ಪಬ್ಲಿಕ್ ಸರ್ವೀಸ್ ಎಂಬ ವಿದ್ಯುತ್ ಕಂಪನಿಯ ಆಸ್ತಿ, 2017ರಲ್ಲಿ ಚಾಲೂ ಆದದ್ದು, 2 ಮೆಗಾವ್ಯಾಟ್-ಗಂಟೆಯಷ್ಟು ವಿದ್ಯುತ್ತನ್ನು ಹಿಡಿದಿಡುವಂಥದ್ದು. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕನ್ನು ನೋಡಿದವರಿಗೆ ಇಂಥ ಘಟಕದ ಅಗತ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಮಟಮಟ ಮಧ್ಯಾಹ್ನ ಉಕ್ಕಿ ಬರುವ ವಿದ್ಯುತ್ತು ಸಂಜೆ ಮನೆಮನೆಯ ದೀಪ ಹೊತ್ತುವ ಹೊತ್ತಿಗೆ ಇರುವುದಿಲ್ಲ. ಅದನ್ನು ಕೂಡಿಡಲೇಬೇಕು.

ಈಗ ಆ ಒಂದು ಸೆಲ್ಲಿನೊಳಕ್ಕೆ ಹೋಗೋಣ. ಅಲ್ಲಿ ನಡೆದದ್ದು ಕಣ್ಣೆವೆಯಿಕ್ಕುವಷ್ಟರಲ್ಲಿ. ಸೆಲ್ ಎಂದರೆ ಧನ, ಋಣ ಎಂಬ ಎರಡು ಪದರ, ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ, ಎಲ್ಲವನ್ನೂ ನೆನೆಸಿರುವ ದ್ರಾವಣ. ಆ ದ್ರಾವಣ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುವಂಥದ್ದು. ಪೊರೆ ಎಲ್ಲಾದರೂ ಹರಿದರೆ ಧನ ಋಣಗಳು ನೇರ ಕೂಡುತ್ತವೆ. ಶಾಖ ಹುಟ್ಟುತ್ತದೆ. ಶಾಖದಿಂದ ಪೊರೆ ಇನ್ನಷ್ಟು ಕರಗುತ್ತದೆ, ಇನ್ನಷ್ಟು ಶಾಖ. ಒಂದು ಹಂತ ದಾಟಿತೆಂದರೆ ಧನ ಪದರದ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್‌ಗಳ ಆಕ್ಸೈಡು ತನ್ನೊಳಗಿನ ಆಮ್ಲಜನಕವನ್ನೇ ಬಿಟ್ಟುಕೊಡತೊಡಗುತ್ತದೆ. ಹೊರಗಿನ ಗಾಳಿಯ ಹಂಗು ಆಮೇಲೆ ಅದಕ್ಕಿಲ್ಲ. ಉಷ್ಣತೆ 500, 600 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸೆಲ್ ಉಬ್ಬುತ್ತದೆ, ಸೀಳುತ್ತದೆ, ಅನಿಲವನ್ನು ಉಗುಳುತ್ತದೆ: ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ಮೀಥೇನ್, ಜೊತೆಗೆ ಆವಿಯಾದ ಆ ದ್ರಾವಣ. ಈ ಕ್ಷೇತ್ರದವರು ಇದನ್ನು ಥರ್ಮಲ್ ರನ್‌ಅವೇ ಎನ್ನುತ್ತಾರೆ. ಶಾಖ ಲಗಾಮು ಕಿತ್ತುಕೊಂಡು ಓಡುವ ಸ್ಥಿತಿ. ಒಮ್ಮೆ ಓಟ ಶುರುವಾದರೆ ಆ ಸೆಲ್ಲನ್ನು ಉಳಿಸುವ ಮಾತೇ ಇಲ್ಲ. ಉಳಿಸಬೇಕಾದದ್ದು ಅದರ ಪಕ್ಕದ ಸೆಲ್ಲನ್ನು.

15ನೇ ರ‍್ಯಾಕಿನಲ್ಲಿ ಪಕ್ಕದ ಸೆಲ್ ಉಳಿಯಲಿಲ್ಲ. ಸೆಲ್ಲಿಗೂ ಸೆಲ್ಲಿಗೂ ನಡುವೆ ಶಾಖವನ್ನು ತಡೆಯುವಂಥ ಗೋಡೆಯೇನೂ ಇರಲಿಲ್ಲ. ಒಂದು ಹೊತ್ತಿತು, ಅದರ ಬೆನ್ನಿಗಿದ್ದದ್ದು ಹೊತ್ತಿತು, ಅದರಾಚೆಯದು ಹೊತ್ತಿತು. 28 ಸೆಲ್ ಮುಗಿದು ಮುಂದಿನ ಮಾಡ್ಯೂಲಿಗೆ ದಾಟಿತು, ಅಲ್ಲಿಂದ ಮತ್ತೊಂದಕ್ಕೆ. ಒಂದೇ ರ‍್ಯಾಕಿನಲ್ಲಿ 392 ಸೆಲ್‌ಗಳು.

ಹಾಗಂತ ಕಂಟೇನರ್ ಕಾವಲಿಲ್ಲದೆ ಬಿದ್ದಿರಲಿಲ್ಲ. ಹೊಗೆಯ ಎಳೆಯನ್ನೂ ಮೂಸಿ ಹಿಡಿಯುವ ಲೇಸರ್ ಸಂವೇದಕ ಇತ್ತು. ಅದು ತಕ್ಷಣ ಎಚ್ಚೆತ್ತಿತು. ಅರ್ಧ ನಿಮಿಷದ ಅಂತರದಲ್ಲಿ ನೋವೆಕ್ 1230 ಎಂಬ ಅಗ್ನಿಶಾಮಕ ವಸ್ತು ಭುಸ್ಸೆಂದು ಒಳಗೆಲ್ಲ ತುಂಬಿತು. ಕಂಪ್ಯೂಟರ್ ಕೋಣೆಗಳಲ್ಲಿ, ಕಾಗದಪತ್ರದ ಉಗ್ರಾಣಗಳಲ್ಲಿ ಬೆಂಕಿ ಆರಿಸುವುದಕ್ಕೆ ಅದು ಒಳ್ಳೆಯ ಸಾಧನ. ಜ್ವಾಲೆಯನ್ನು ಕೊಲ್ಲುತ್ತದೆ, ಯಂತ್ರಗಳನ್ನು ನೆನೆಸುವುದಿಲ್ಲ. ಅಳವಡಿಸಿದ್ದ ವ್ಯವಸ್ಥೆ ಅಕ್ಷರಶಃ ಹೇಳಿದ ಕೆಲಸ ಮಾಡಿತು.

ಆದರೆ ಅದು ಜ್ವಾಲೆಯನ್ನಷ್ಟೇ ಕೊಂದಿತು. ಸೆಲ್ಲಿನೊಳಗಿನ ಶಾಖದ ಓಟವನ್ನು ನಿಲ್ಲಿಸುವ ಶಕ್ತಿ ಅದಕ್ಕಿರಲಿಲ್ಲ. ಸೆಲ್‌ಗಳು ಒಂದರ ಹಿಂದೊಂದು ಸೀಳುತ್ತಲೇ ಹೋದವು, ಅನಿಲ ಉಗುಳುತ್ತಲೇ ಹೋದವು. ಉರಿದುಹೋಗಬೇಕಿದ್ದ ಅನಿಲ ಈಗ ಉರಿಯದೆ ಉಳಿಯಿತು. ಮೇಲಾಗಿ ಇಂಥ ಅಗ್ನಿಶಾಮಕ ವಸ್ತು ಕೆಲಸ ಮಾಡಬೇಕಾದರೆ ಕೋಣೆ ಬಿಗಿಯಾಗಿ ಮುಚ್ಚಿರಬೇಕು. ಕಂಟೇನರ್ ಬಿಗಿಯಾಗಿಯೇ ಇತ್ತು. ಅನಿಲವನ್ನು ಹೊರಗೆಳೆದು ಹಾಕುವ ಫ್ಯಾನ್ ಇರಲಿಲ್ಲ. ಒತ್ತಡ ಏರಿದರೆ ತಾನಾಗಿ ಬಿಚ್ಚಿಕೊಳ್ಳುವ ಛಾವಣಿಯಿರಲಿಲ್ಲ. ಹೊತ್ತಿಕೊಳ್ಳುವ ಅನಿಲ ಒಳಗೆಷ್ಟು ತುಂಬಿದೆ ಎಂದು ಹೊರಗಿನವರಿಗೆ ಹೇಳುವ ಮೀಟರೂ ಇರಲಿಲ್ಲ. ಅಡುಗೆಮನೆಯಲ್ಲಿ ಸಿಲಿಂಡರಿನ ಗ್ಯಾಸು ಸೋರಿದಾಗ ಕಿಟಕಿ ಬಾಗಿಲು ತೆರೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಇಲ್ಲಿ ಸೋರಿಕೆ ಎಷ್ಟು ಮುಂದುವರಿದಿತ್ತೆಂದರೆ ಬಾಗಿಲು ತೆರೆಯುವುದೇ ಅಪಾಯವಾಗುವ ಘಟ್ಟ ತಲುಪುತ್ತಿತ್ತು.

5 ಗಂಟೆ 40ರ ಹೊತ್ತಿಗೆ ಹೊರಗಿನ ಲೋಕಕ್ಕೆ ಸುಳಿವು ಸಿಕ್ಕಿತು. ಆವರಣದಿಂದ ಹೊಗೆ, ಕೆಟ್ಟ ವಾಸನೆ. ಸರ್‌ಪ್ರೈಸ್ ಊರಿನ ಅಗ್ನಿಶಾಮಕ ದಳ ಗಂಟೆ ಬಾರಿಸುತ್ತ ಬಂತು. ಬಂದವರಿಗೆ ಕಂಡದ್ದು ಬೆಂಕಿಯಲ್ಲ. ಕಂಟೇನರಿನ ಸಂದುಗಳಿಂದ ಬಿಳಿಯ ಮಂಜಿನಂಥ ಆವಿ ಇಳಿಯುತ್ತಿತ್ತು. ಹೊಗೆಯಾದರೆ ಮೇಲಕ್ಕೇರಬೇಕು. ಇದು ನೆಲಕ್ಕೆ ಅಂಟಿಕೊಂಡು, ಮೊಣಕಾಲ ಮಟ್ಟದಲ್ಲಿ ತೆವಳುತ್ತ ಹರಡುತ್ತಿತ್ತು.

ಎಷ್ಟೋ ಬೆಂಕಿ ಕಂಡವರು ಅವರು. ಮನೆ ಹೊತ್ತಿದರೆ ಏನು ಮಾಡಬೇಕು, ಕಾಡು ಹೊತ್ತಿದರೆ ಏನು ಮಾಡಬೇಕು, ಪೆಟ್ರೋಲ್ ಟ್ಯಾಂಕರ್ ಮಗುಚಿದರೆ ಏನು ಮಾಡಬೇಕು, ಎಲ್ಲ ಕರಗತ. ಇದು ಬೇರೆಯೇ ಜಾತಿಯದು ಎಂದು ಅವರಿಗೆ ಬೇಗ ತಿಳಿಯಿತು. ನೀರು ಹಾಯಿಸಲು ನುಗ್ಗಲಿಲ್ಲ. ಹಿಂದೆ ಸರಿದು, ಅಪಾಯಕಾರಿ ರಾಸಾಯನಿಕಗಳನ್ನು ನಿಭಾಯಿಸುವ ವಿಶೇಷ ತಂಡವನ್ನು ಕರೆಸಿದರು. ನೆರೆಯ ಪಿಯೋರಿಯಾ ಊರಿನಿಂದ ಆ ತಂಡ ಬಂತು: ಒಬ್ಬ ಕ್ಯಾಪ್ಟನ್, ಒಬ್ಬ ಎಂಜಿನಿಯರ್, ಇಬ್ಬರು ಅಗ್ನಿಶಾಮಕರು. ನಾಲ್ವರೂ ನುರಿತವರು. ಆದರೆ ಅವರು ಕಲಿತ ಪಾಠಗಳಲ್ಲಿ ಇಷ್ಟು ದೊಡ್ಡ ಬ್ಯಾಟರಿ ಮನೆಯ ಅಧ್ಯಾಯವೇ ಇರಲಿಲ್ಲ. ಆಗಿನ್ನೂ ಅದನ್ನು ಯಾರೂ ಸರಿಯಾಗಿ ಬರೆದಿರಲಿಲ್ಲ.

ಸೂರ್ಯ ಮುಳುಗುತ್ತ ಬಂದ. ನಾಲ್ವರೂ ದಪ್ಪನೆಯ ಅಗ್ನಿನಿರೋಧಕ ಪೋಷಾಕು ತೊಟ್ಟರು, ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಬಿಗಿಯಾದ ಮುಖವಾಡ. ಕೈಯಲ್ಲಿ ಅನಿಲ ಅಳೆಯುವ ಮೀಟರುಗಳು, ಶಾಖವನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ. ಬೇಲಿ ದಾಟಿ ಆವಿಯೊಳಕ್ಕೆ ಹೆಜ್ಜೆಯಿಟ್ಟರು. ಮೀಟರುಗಳು ಕೂಗಿಕೊಂಡವು. ಹೈಡ್ರೋಜನ್ ಸೈನೈಡ್! ಕಾರ್ಬನ್ ಮಾನಾಕ್ಸೈಡ್! ಮುಖವಾಡ ಜಾರಿದರೆ ಪ್ರಾಣಕ್ಕೇ ಎರವಾಗಬಲ್ಲ ವಿಷ. ಅಳತೆ ತೆಗೆದುಕೊಂಡರು, ಹಿಂದಿರುಗಿದರು. ಸ್ವಲ್ಪ ಕಾದು ಮತ್ತೆ ಒಳಗೆ ಹೋದರು. ಮತ್ತೆ ಅಳತೆ. ಮತ್ತೆ ವಾಪಸ್.

ತನಿಖೆಯ ವರದಿಯಲ್ಲಿ ಈ ಭಾಗವನ್ನು ಓದುವಾಗ ನನಗೆ ಅವರ ಧೈರ್ಯಕ್ಕಿಂತ ಅವರ ಸಂಯಮ ದೊಡ್ಡದಾಗಿ ಕಾಣುತ್ತದೆ. ಆತುರಪಟ್ಟವರಲ್ಲ ಅವರು. ಎರಡು ಗಂಟೆಯ ಹೊತ್ತು ಆ ದಳದವರೆಲ್ಲ ಕಾದರು, ಅಳೆದರು, ಕಂಪನಿಯ ಕಡೆಯವರೊಡನೆ ಸಮಾಲೋಚಿಸಿದರು. ಒಳಗೆ ಏನಾಗುತ್ತಿದೆ? ಹೇಳಬೇಕಾಗಿದ್ದ ಕಂಪ್ಯೂಟರ್ ಸಂಪರ್ಕ ಮೂಕವಾಗಿತ್ತು. ಎಷ್ಟು ಅನಿಲ ತುಂಬಿದೆ? ಗೊತ್ತಿಲ್ಲ. ಅಪಘಾತ ನಿಭಾಯಿಸುವ ಯೋಜನೆಯ ಕಡತ ಏನನ್ನುತ್ತದೆ? ಬೆಂಕಿ ಆರಿಸುವುದು ಹೇಗೆ, ಅನಿಲ ಹೊರಹಾಕುವುದು ಹೇಗೆ, ಒಳಗೆ ಕಾಲಿಡುವುದು ಹೇಗೆ ಎಂಬ ಮೂರಕ್ಕೂ ಅದರಲ್ಲಿ ಉತ್ತರವಿರಲಿಲ್ಲ.

ಕತ್ತಲಾಯಿತು. ಸಂದುಗಳಿಂದ ಸೋರುತ್ತಿದ್ದ ಬಿಳಿ ಆವಿ ನಿಂತಿತು. ಆವರಣದಲ್ಲಿ ವಿಷಾನಿಲದ ಅಳತೆ ಇಳಿಯಿತು. ಅದನ್ನು ನೋಡಿದ ಯಾವ ಅನುಭವಿಯಾದರೂ ಏನೆಂದುಕೊಳ್ಳುತ್ತಾನೆ? ಒಳಗಿನ ಉರಿ ತಣ್ಣಗಾಗುತ್ತಿದೆ ಎಂದೇ. ರಾತ್ರಿ 8 ಗಂಟೆ. ನಾಲ್ವರು ಮತ್ತೆ ಕಂಟೇನರಿನತ್ತ ನಡೆದರು. ಕ್ಯಾಪ್ಟನ್ ಮತ್ತು ಎಂಜಿನಿಯರ್ ಬಾಗಿಲ ಬಳಿ. ಉಳಿದಿಬ್ಬರು ಪಕ್ಕಕ್ಕೆ.

ಬಾಗಿಲು ತೆರೆಯಿತು.

ಒಳಗಿನಿಂದ ದಟ್ಟವಾದ ಬಿಳಿ ಆವಿ ಹೊಸ್ತಿಲು ದಾಟಿ ನೆಲಕ್ಕೆ ಸುರಿಯಿತು. ಸಪ್ಪಳವಿಲ್ಲ. ಜ್ವಾಲೆಯಿಲ್ಲ, ಕಿಡಿಯಿಲ್ಲ. ಮೀಟರು ಚಾಚಿ ಅಳತೆ ತೆಗೆಯತೊಡಗಿದರು.

ಅವರ ಕಣ್ಣಿಗೆ ಕಾಣದೆ ಆ ನಿಮಿಷಗಳಲ್ಲಿ ನಡೆಯುತ್ತಿದ್ದದ್ದು ಇದು. ಹೊತ್ತಿಕೊಳ್ಳುವ ಅನಿಲಕ್ಕೆ ಎರಡು ಗಡಿಗಳಿವೆ. ತೀರ ಕಡಿಮೆಯಿದ್ದರೆ ಹೊತ್ತುವುದಿಲ್ಲ, ತೀರ ಹೆಚ್ಚಿದ್ದರೂ ಹೊತ್ತುವುದಿಲ್ಲ, ಗಾಳಿ ಸಾಲದೆ ಉಸಿರುಗಟ್ಟುತ್ತದೆ. ಮೂರು ಗಂಟೆಗಳ ಕಾಲ ಅನಿಲ ತುಂಬಿಕೊಳ್ಳುತ್ತಲೇ ಇದ್ದ ಕಂಟೇನರಿನೊಳಗೆ ಗಾಳಿಯೇ ಸಾಲದಾಗಿತ್ತು. ಬಾಗಿಲ ಕೆಳಗಿನಿಂದ ಭಾರದ ಆವಿ ಹೊರಗೆ ಹರಿದಷ್ಟೂ ಮೇಲಿನಿಂದ ಮರುಭೂಮಿಯ ಗಾಳಿ ಒಳಕ್ಕೆ ನುಸುಳಿತು. ಒಳಗಿನ ಮಿಶ್ರಣ ಮೇಲಿನ ಗಡಿಯಿಂದ ಕೆಳಗಿಳಿಯುತ್ತ, ಇಳಿಯುತ್ತ, ಹೊತ್ತಿಕೊಳ್ಳುವ ಹದಕ್ಕೆ ಬಂತು. ಬೇಕಾದ ಶಾಖ 15ನೇ ರ‍್ಯಾಕಿನಲ್ಲಿ ನಿಗಿನಿಗಿ ಇತ್ತು.

8 ಗಂಟೆ 4 ನಿಮಿಷ.

ಕಂಟೇನರ್ ಬೆಂಕಿಯನ್ನು ಕಾರಿತು. ಬಾಗಿಲಿನಿಂದ ಹೊರಬಿದ್ದ ಉರಿಯ ನಾಲಿಗೆ ಅಡ್ಡಡ್ಡಲಾಗಿ ಸುಮಾರು 75 ಅಡಿ ಚಾಚಿತು, 20 ಅಡಿ ಎತ್ತರಕ್ಕೆ ಎದ್ದಿತು. ಕ್ಯಾಪ್ಟನ್ ಎಪ್ಪತ್ತಕ್ಕೂ ಹೆಚ್ಚು ಅಡಿ ದೂರ ಹಾರಿ ಬಿದ್ದರು. ಎಂಜಿನಿಯರ್ ಸುಮಾರು 30 ಅಡಿ. ಉಳಿದಿಬ್ಬರು ದಿಕ್ಕಿಗೊಬ್ಬರಂತೆ ನೆಲಕ್ಕಪ್ಪಳಿಸಿದರು. ಹೆಲ್ಮೆಟ್ಟುಗಳು ಹಾರಿದವು, ಉಸಿರಿನ ಮುಖವಾಡಗಳು ಕಿತ್ತುಬಂದವು. ವಿಷ ತುಂಬಿದ ಕತ್ತಲಲ್ಲಿ, ಪೊದೆ ಬೇಲಿಗಳ ನಡುವೆ ನಾಲ್ಕು ಜೀವ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

ಹೊರಗೆ ನಿಂತಿದ್ದ ದಳದವರ ಮುಂದೆ ಈಗ ಯೋಚಿಸಲು ಸಮಯವಿಲ್ಲ. ಇನ್ನೊಂದು ಸ್ಫೋಟ ಆಗುವುದಿಲ್ಲ ಎಂದು ಹೇಳುವವರಾರು? ಒಳಗಿನ ಉಳಿದ 26 ರ‍್ಯಾಕ್‌ಗಳಲ್ಲಿ ವಿದ್ಯುತ್ತು ಹಾಗೇ ಇದೆ. ಒಂದು ಸೆಲ್ಲಿನಿಂದ ಹೀಗಾದರೆ, ಇನ್ನೊಂದು ರ‍್ಯಾಕು ಹೊತ್ತಿಕೊಂಡರೆ? ಆದರೆ ಬಿದ್ದಿರುವವರು ತಮ್ಮವರು. ಮುಖವಾಡ ಬಿಗಿದುಕೊಂಡು ನುಗ್ಗಿದರು. ಕತ್ತಲಲ್ಲಿ ಹುಡುಕಿದರು, ಕಂಡವರನ್ನು ಎಳೆದುಕೊಂಡು ಬಂದರು, ಕಾಣದವರಿಗಾಗಿ ಮತ್ತೆ ಹೋದರು. ಮೈಗೆ ವಿಷ ಮೆತ್ತಿರುವ ಗಾಯಾಳುಗಳನ್ನು ಹಾಗೇ ಆಂಬುಲೆನ್ಸಿಗೆ ಹಾಕುವಂತಿಲ್ಲ, ರಾಸಾಯನಿಕ ತೊಳೆಯಬೇಕು. ತಡಮಾಡುವಂತೆಯೂ ಇಲ್ಲ, ಪ್ರಾಣ ನಿಲ್ಲಬೇಕು. ಇಂಥ ಹೊತ್ತಿನಲ್ಲಿ ಒಂದೊಂದು ನಿಮಿಷವನ್ನೂ ತೂಗಿ ತೀರ್ಮಾನ ಮಾಡುವುದಿದೆಯಲ್ಲ, ಅದರ ಮುಂದೆ ಬೇರೆಲ್ಲ ಸಾಹಸವೂ ಸಣ್ಣದು ಎಂದೇ ನಾನು ಹೇಳುತ್ತೇನೆ.

ನಾಲ್ವರೂ ಬದುಕಿದರು. ಬದುಕಿದರು ಎಂಬ ಒಂದು ಮಾತಿನ ಹಿಂದೆ ಮಿದುಳಿಗೆ ಬಿದ್ದ ಪೆಟ್ಟಿದೆ, ಮುರಿದ ಪಕ್ಕೆಲುಬುಗಳಿವೆ, ಮುರಿದ ಕಾಲುಗಳಿವೆ, ಕುಸಿದ ಶ್ವಾಸಕೋಶವಿದೆ, ಬೆಂಕಿಯಿಂದಲೂ ರಾಸಾಯನಿಕದಿಂದಲೂ ಸುಟ್ಟ ಚರ್ಮವಿದೆ. ಮೈಮೇಲೆ ಪೂರ್ಣ ಪೋಷಾಕು ಇಲ್ಲದಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ. ಜೊತೆಗಿದ್ದ ಇನ್ನೂ ಕೆಲವರನ್ನು ತಪಾಸಣೆಗೆಂದು ಆಸ್ಪತ್ರೆಗೆ ಒಯ್ಯಲಾಯಿತು.

ಇಲ್ಲಿಗೆ ಕಥೆ ಮುಗಿದಂತೆ ಕಾಣುತ್ತದೆ. ಆದರೆ ಕಂಟೇನರ್ ಇನ್ನೂ ಅಲ್ಲೇ ಇತ್ತು.

ಬೇರೆ ಯಾವ ಯಂತ್ರವನ್ನಾದರೂ ನಿಲ್ಲಿಸಲು ಒಂದು ಸ್ವಿಚ್ ಇರುತ್ತದೆ. ಬ್ಯಾಟರಿಗೆ ಇಲ್ಲ. ಸ್ವಿಚ್ ಆರಿಸಿದರೆ ಹೊರಗಿನ ತಂತಿ ಸತ್ತೀತು, ಸೆಲ್ಲಿನೊಳಗಿನ ಶಕ್ತಿ ಎಲ್ಲಿಗೂ ಹೋಗುವುದಿಲ್ಲ. ಸ್ಫೋಟದಿಂದ ನುಜ್ಜುಗುಜ್ಜಾದ ಆ ಲೋಹದ ಕೋಣೆಯೊಳಗೆ 26 ರ‍್ಯಾಕ್, ಅಂದರೆ 364 ಮಾಡ್ಯೂಲ್‌ಗಳು ಚಾರ್ಜ್ ತುಂಬಿಕೊಂಡು ನಿಂತಿದ್ದವು. ಯಾವುದರ ತಂತಿ ಕಿತ್ತಿದೆ, ಯಾವುದಕ್ಕೆ ಒಳಪೆಟ್ಟು ಬಿದ್ದಿದೆ, ಹೊರಗಿನಿಂದ ನೋಡಿ ಹೇಳುವಂತಿರಲಿಲ್ಲ. ಯಾರಾದರೂ ಒಳಗೆ ಹೋಗಲೇಬೇಕು. ಹೋದರು. ವಾರಗಟ್ಟಲೆ ಹಿಡಿಯಿತು ಆ ಕೆಲಸ. ಒಂದೊಂದನ್ನೂ ಪರೀಕ್ಷಿಸಿ, ಬಿಡಿಸಿ, ಅದರೊಳಗಿನ ವಿದ್ಯುತ್ತನ್ನು ನಿಧಾನವಾಗಿ ಬಸಿದು ಖಾಲಿ ಮಾಡಿ ಹೊರಗಿಟ್ಟರು. ಕೈಯಲ್ಲಿನ ಸ್ಪ್ಯಾನರು ಜಾರಿ ಎರಡು ತುದಿಗಳಿಗೆ ಒಟ್ಟಿಗೆ ತಗುಲಿದರೆ ಸಾಕು, ಇನ್ನೊಂದು ಏಪ್ರಿಲ್ 19. ಸುದ್ದಿವಾಹಿನಿಗಳು ಅಷ್ಟು ಹೊತ್ತಿಗೆ ಹೊರಟುಹೋಗಿದ್ದವು. ನನ್ನ ಮಟ್ಟಿಗೆ ಇವರೂ ಆ ನಾಲ್ವರ ಸಾಲಿನವರೇ.

ಮುಂದಿನ ವರ್ಷ, 2020ರ ಜುಲೈನಲ್ಲಿ, ತನಿಖೆಯ ವರದಿಗಳು ಬಂದವು. ವಿದ್ಯುತ್ ಕಂಪನಿಯ ಪರವಾಗಿ ಡಿಎನ್‌ವಿ ಜಿಎಲ್ ಸಂಸ್ಥೆ ಬರೆದ ವರದಿ ಒಂದು ಸೆಲ್ಲಿನೊಳಗಿನ ದೋಷವನ್ನೇ ಮೂಲ ಎಂದಿತು. ಸೆಲ್ಲಿನೊಳಗೆ ಬೆಳೆದ ಲಿಥಿಯಂ ಲೋಹದ ಮುಳ್ಳುಗಳು ಪೊರೆ ಚುಚ್ಚಿರಬೇಕು ಎಂಬುದು ಅದರ ವಾದ. ಸೆಲ್ ತಯಾರಿಸಿದ ಎಲ್‌ಜಿ ಕೆಮ್ ಇದನ್ನು ಒಪ್ಪಲಿಲ್ಲ. ಶಾಖ ಸೆಲ್ಲಿನ ಹೊರಗಿನಿಂದ ಬಂದಿರಬೇಕು ಎಂದು ಅದರ ನಿಲುವು. ಸುಟ್ಟು ಕರಕಲಾದ ರ‍್ಯಾಕಿನಲ್ಲಿ ಮೊದಲ ಸಾಕ್ಷಿಯೂ ಸುಟ್ಟುಹೋಗಿತ್ತು. ಆ ಜಗಳ ಎಂಜಿನಿಯರುಗಳಿಗೆ ಮುಖ್ಯ, ನಿಜ. ಆದರೆ ಒಳಗಿನಿಂದಲೋ ಹೊರಗಿನಿಂದಲೋ, ಹತ್ತು ಸಾವಿರ ಸೆಲ್‌ಗಳಲ್ಲಿ ಒಂದು ಎಂದಾದರೂ ಕೆಡುತ್ತದೆ. ಹಾಗೆ ಕೆಟ್ಟ ಒಂದು ಸೆಲ್ ಮನುಷ್ಯರನ್ನು ಎಪ್ಪತ್ತು ಅಡಿ ಎಸೆಯುವ ಮಟ್ಟಕ್ಕೆ ಹೋಗಲು ನಡುವೆ ನಾಲ್ಕು ತಡೆಗಳು ಇಲ್ಲದಿರಬೇಕು. ಸೆಲ್‌ಗಳ ನಡುವಿನ ಶಾಖದ ತಡೆ ಇರಲಿಲ್ಲ. ಓಟ ನಿಲ್ಲಿಸಬಲ್ಲ ತಂಪುವ್ಯವಸ್ಥೆ ಇರಲಿಲ್ಲ. ಅನಿಲಕ್ಕೆ ಹೊರದಾರಿ ಇರಲಿಲ್ಲ. ಬಂದವರ ಕೈಗೆ ಕೊಡಲು ಸರಿಯಾದ ಸೂಚನೆ ಇರಲಿಲ್ಲ. ಬಾಗಿಲ ಮುಂದೆ ನಿಂತವನ ಎದೆಗಾರಿಕೆ ಇವು ನಾಲ್ಕಕ್ಕೂ ಬದಲಿಯಾಗುವ ಹಾಗೆ ಮಾಡಿಟ್ಟದ್ದೇ ನನಗೆ ಸಹಿಸಲಾಗದ ಸಂಗತಿ. ಅವರ ಮೈಮೂಳೆ ಅಷ್ಟು ಅಗ್ಗವಲ್ಲ.

ಯುಎಲ್ ಸಂಸ್ಥೆಯ ಅಗ್ನಿಸುರಕ್ಷಾ ಸಂಶೋಧಕರು ಬರೆದ ಇನ್ನೊಂದು ವರದಿ ಆ ಸಂಜೆಯನ್ನು ಅಗ್ನಿಶಾಮಕರ ಕಣ್ಣಿನಿಂದಲೇ ಹಿಂಬಾಲಿಸಿತು. ಅದರ ಸಲಹೆಗಳು ಕಟ್ಟಡ ಕಟ್ಟುವವರಿಗೂ ಕಂಪನಿಗಳಿಗೂ ಹೋದವು. ಹೊತ್ತಿಕೊಳ್ಳುವ ಅನಿಲವನ್ನು ಅಳೆಯುವ ಮೀಟರು ಒಳಗಿರಲಿ, ಅದರ ಅಂಕಿ ದೂರದಲ್ಲಿ ನಿಂತವರಿಗೆ ಕಾಣಲಿ. ಸ್ಫೋಟದ ಒತ್ತಡಕ್ಕೆ ದಾರಿಯಿರಲಿ. ಬ್ಯಾಟರಿ ಬಲ್ಲವರೊಬ್ಬರು ಕರೆದ ಕೂಡಲೇ ಸಿಗಲಿ.

ಅಷ್ಟು ಹೊತ್ತಿಗೆ ನಿಯಮಗಳೂ ಮೈಕೊಡವಿ ಎದ್ದಿದ್ದವು. ಯುಎಲ್ 9540ಎ ಎಂಬ ಪರೀಕ್ಷೆ ಬೇಕೆಂದೇ ಒಂದು ಸೆಲ್ಲನ್ನು ಕೆಡಿಸಿ ನೋಡುತ್ತದೆ. ಉರಿ ಪಕ್ಕದ ಸೆಲ್ಲಿಗೆ ದಾಟುತ್ತದೆಯೇ, ಮಾಡ್ಯೂಲಿಗೆ ದಾಟುತ್ತದೆಯೇ, ಪಕ್ಕದ ರ‍್ಯಾಕಿಗೆ? ಎಷ್ಟು ಅನಿಲ ಬಂತು, ಯಾವ ಅನಿಲ? ಕಾರ್ಖಾನೆಯಲ್ಲಿ ಬ್ಯಾಟರಿ ಕೋಣೆ ಕಟ್ಟಿಸುವ ಮ್ಯಾನೇಜರು ಮಾರಾಟಗಾರನ ಮುಂದೆ ಮೊದಲು ಇಡಬೇಕಾದ ಬೇಡಿಕೆ ಈ ಪರೀಕ್ಷೆಯ ವರದಿಯದು. ಬೆಲೆಯ ಮಾತು ಆಮೇಲೆ. ಎನ್‌ಎಫ್‌ಪಿಎ 855 ಎಂಬ ಅಮೆರಿಕದ ಸಂಹಿತೆಯ ಮೊದಲ ಆವೃತ್ತಿ 2020ರದು. ಸ್ಫೋಟ ತಡೆಯಲು ಈಗ ಎರಡು ದಾರಿ ಹಿಡಿಯುತ್ತಾರೆ. ಒಂದು, ಅನಿಲ ಹೊತ್ತಿಕೊಳ್ಳುವ ಕೆಳಗಡಿಯ ಕಾಲುಭಾಗ ಮುಟ್ಟುವ ಮೊದಲೇ ಫ್ಯಾನುಗಳು ಅದನ್ನು ಹೊರಗೆಳೆದು ಹಾಕಬೇಕು. ಇನ್ನೊಂದು, ಸ್ಫೋಟವಾದರೂ ಒತ್ತಡ ಮನುಷ್ಯರಿಲ್ಲದ ಕಡೆಗೆ ಹೋಗುವಂತೆ ಛಾವಣಿಯ ಹಲಗೆಗಳು ಬಿಚ್ಚಿಕೊಳ್ಳಬೇಕು.

ಆದರೆ ಬರೆದಿಟ್ಟ ಪಾಠ ಎಲ್ಲ ಊರನ್ನೂ ಸಕಾಲಕ್ಕೆ ಮುಟ್ಟುವುದಿಲ್ಲ. 2021ರ ಏಪ್ರಿಲ್ 16ರಂದು ಬೀಜಿಂಗಿನ ಫೆಂಗ್‌ಟಾಯ್ ಜಿಲ್ಲೆಯ ಬ್ಯಾಟರಿ ಘಟಕವೊಂದಕ್ಕೆ ಬೆಂಕಿ ಬಿತ್ತು. ಅಲ್ಲಿದ್ದದ್ದು ಲಿಥಿಯಂ ಐರನ್ ಫಾಸ್ಫೇಟ್, ಹೆಚ್ಚು ಸುರಕ್ಷಿತ ಎಂದು ಹೆಸರಾದ ಜಾತಿ. ದಕ್ಷಿಣದ ಕಟ್ಟಡದ ಬೆಂಕಿಯೊಡನೆ ಅಗ್ನಿಶಾಮಕರು ಸೆಣಸುತ್ತಿದ್ದಾಗ ಉತ್ತರದ ಕಟ್ಟಡ ಸಿಡಿಯಿತು. ನೆಲದಡಿಯ ಕೇಬಲ್ ಕಾಲುವೆಯ ಮೂಲಕ ಅನಿಲ ಅಲ್ಲಿಗೆ ಹರಿದುಹೋಗಿತ್ತು. ಇಬ್ಬರು ಅಗ್ನಿಶಾಮಕರು ಪ್ರಾಣ ತೆತ್ತರು. ಅರಿಜೋನಾದ ಸ್ಫೋಟಕ್ಕೆ ಎರಡು ವರ್ಷ ತುಂಬಲು ಮೂರು ದಿನ ಬಾಕಿಯಿತ್ತು.

2022ರ ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯಾದ ಪಾಂಗ್ಯೋದ ಡೇಟಾ ಸೆಂಟರಿನಲ್ಲಿ ಬ್ಯಾಟರಿ ಹೊತ್ತಿ, ದೇಶಕ್ಕೆ ದೇಶವೇ ಬಳಸುವ ಕಾಕಾವ್‌ಟಾಕ್ ಎಂಬ ಸಂದೇಶ ಆ್ಯಪ್ ಸ್ತಬ್ಧವಾಯಿತು. ಅಂಥ ಬ್ಯಾಟರಿಗಳು ಯಾವ ದೂರದೇಶದ ಮಾತೂ ಅಲ್ಲ. ಬೆಂಗಳೂರಿನ ಐಟಿ ಕಟ್ಟಡಗಳ ನೆಲಮಾಳಿಗೆಯ ಯುಪಿಎಸ್ ಕೋಣೆಗಳಲ್ಲಿ, ಮೊಬೈಲ್ ಟವರಿನ ಬುಡದಲ್ಲಿ, ಗೋದಾಮುಗಳ ಫೋರ್ಕ್‌ಲಿಫ್ಟ್ ಚಾರ್ಜಿಂಗ್ ಮೂಲೆಯಲ್ಲಿ ಹಳೆಯ ಸೀಸದ ಬ್ಯಾಟರಿ ಹೋಗಿ ಲಿಥಿಯಂ ಬರುತ್ತಿದೆ. ಸೀಸದ ಬ್ಯಾಟರಿಯೂ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತಿತ್ತು. ಅದಕ್ಕೇ ಹಳೆಯ ಬ್ಯಾಟರಿ ಕೋಣೆಗಳಲ್ಲಿ ಎಕ್ಸಾಸ್ಟ್ ಫ್ಯಾನ್ ಕಡ್ಡಾಯವಾಗಿತ್ತು. ಲಿಥಿಯಂ ಬಂತೆಂದು ಆ ಫ್ಯಾನು ಕಿತ್ತು ಕೋಣೆಯನ್ನು ಗಾಳಿಯಾಡದಂತೆ ಮುಚ್ಚಿ ಎಸಿ ಹಾಕಿಸುವವರು ಒಂದು ಕ್ಷಣ ತಡೆಯಬೇಕು. 4,000 ಮೆಗಾವ್ಯಾಟ್-ಗಂಟೆಯ ಬ್ಯಾಟರಿ ಘಟಕಗಳಿಗೆ ನೆರವು ಕೊಡುವ ಯೋಜನೆಗೆ ಕೇಂದ್ರ ಸಂಪುಟ 2023ರ ಸೆಪ್ಟೆಂಬರಿನಲ್ಲೇ ಒಪ್ಪಿಗೆ ಕೊಟ್ಟಿದೆ. ಕಂಟೇನರುಗಳು ಬರುತ್ತವೆ. ಅವುಗಳ ಹತ್ತಿರದ ತಾಲೂಕಿನ ಅಗ್ನಿಶಾಮಕ ಠಾಣೆಯವರನ್ನು ಉದ್ಘಾಟನೆಗೆ ಮೊದಲೇ ಕರೆಸಿ, ಒಳಗೆಲ್ಲ ಓಡಾಡಿಸಿ, ಬಾಗಿಲು ಯಾವಾಗ ಮುಟ್ಟಬಾರದು ಎಂದು ತೋರಿಸುವವರು ಯಾರು ಎಂಬುದು ಟೆಂಡರಿನ ಕಾಗದದಲ್ಲೇ ಬರೆದಿರಬೇಕು.

ಏಕೆಂದರೆ ಹಾಗೆ ನಿಭಾಯಿಸಿದ ಸಾಹಸವೂ ಒಂದಿದೆ. 2021ರ ಜುಲೈ 30. ಆಸ್ಟ್ರೇಲಿಯಾದ ಗೀಲಾಂಗ್ ಬಳಿಯ ಮೂರಬೂಲ್, ವಿಕ್ಟೋರಿಯನ್ ಬಿಗ್ ಬ್ಯಾಟರಿ ಎಂಬ ಬೃಹತ್ ಘಟಕ. ಇನ್ನೂ ಪರೀಕ್ಷಾರ್ಥ ಚಾಲನೆಯ ಹಂತ. ಟೆಸ್ಲಾ ಕಂಪನಿಯ ಇನ್ನೂರಕ್ಕೂ ಹೆಚ್ಚು ದೈತ್ಯ ಬ್ಯಾಟರಿ ಪೆಟ್ಟಿಗೆಗಳು ಸಾಲುಸಾಲಾಗಿ ನಿಂತಿದ್ದವು. ಒಂದರೊಳಗೆ ತಂಪು ದ್ರವ ಸೋರಿ, ಕಿಡಿ ಹಾರಿ, ಶಾಖದ ಓಟ ಶುರುವಾಯಿತು. ಇಲ್ಲಿ ಬೆಂಕಿ ಬಹಿರಂಗವಾಗಿ ಭುಗಿಲೆದ್ದಿತು, ಕಪ್ಪು ಹೊಗೆ ಆಕಾಶಕ್ಕೇರಿತು. ಗಾಳಿ ಬೀಸಿ ಪಕ್ಕದ ಪೆಟ್ಟಿಗೆಯ ನೆತ್ತಿಗೂ ಉರಿ ದಾಟಿತು. ಎರಡು ಹೋದವು. ಮೂರನೆಯದು?

ಅಗ್ನಿಶಾಮಕರು ಬಂದರು. ಉರಿಯುತ್ತಿದ್ದ ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ಅದರ ಬಾಗಿಲು ಮುಟ್ಟಲಿಲ್ಲ. ಬ್ಯಾಟರಿ ಬಲ್ಲ ತಜ್ಞರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಉರಿಯುವುದು ಉರಿಯಲಿ ಎಂದು ಬಿಟ್ಟು, ಅಕ್ಕಪಕ್ಕದ ಪೆಟ್ಟಿಗೆಗಳಿಗೆ ನೀರು ಹಾಯಿಸಿ ತಂಪಾಗಿಟ್ಟರು. ಜನರಿಗೆ ಕಿಟಕಿ ಮುಚ್ಚಿ ಒಳಗಿರಿ ಎಂದು ಸಾರಿದರು. ರಾತ್ರಿ ಕಳೆಯಿತು. ಶನಿವಾರ ಕಳೆಯಿತು, ಭಾನುವಾರ ಕಳೆಯಿತು. ಕೈಕಟ್ಟಿ ನಿಂತಂತೆ ಕಾಣುವ ಆ ಕಾಯುವಿಕೆ ಬೆಂಕಿಯೊಳಕ್ಕೆ ನುಗ್ಗುವುದಕ್ಕಿಂತ ಕಷ್ಟದ್ದು. ಮೂರನೆಯ ಪೆಟ್ಟಿಗೆ ಹೊತ್ತಲಿಲ್ಲ. ಸೋಮವಾರ, ಆಗಸ್ಟ್ 2ರಂದು, ಪರಿಸ್ಥಿತಿ ಹತೋಟಿಗೆ ಬಂದಿದೆ ಎಂದು ಘೋಷಿಸಿದರು. ಒಬ್ಬರಿಗೂ ಗಾಯವಾಗಿರಲಿಲ್ಲ.